ಫೈನಲ್ ಸೋತ ಮೇಷ್ಟ್ರು

ಆ ಪೆನಾಲ್ಟಿ ಒದ್ದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುತ್ತಾ ಹೋದಂತೆ ‘ಇವನಿಗೇಕೆ ಸೋತವರ ಮೇಲೆ ಇಷ್ಟು ಅನುಕಂಪ’ ಎಂದು ನೀವೇ ಕೇಳುತ್ತೀರಿ.

ಈ ವರ್ಷ ತಾಲ್ಲೂಕು ಮಟ್ಟದ ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟದಲ್ಲಿ ನಮ್ಮ ಫುಟ್‌ಬಾಲ್ ತಂಡ ಫೈನಲ್ ತಲುಪಿತ್ತು. ನಾನು ಕೇಳಿ ತಿಳಿದ ಮಟ್ಟಿಗೆ ನಮ್ಮ ಕಾಲೇಜು ಹಿಂದೆಂದೂ ಅಲ್ಲಿಯವರೆಗೆ ಹೋಗಿರಲಿಲ್ಲ. ಪಂದ್ಯ 1-1ರಲ್ಲಿ ನಿಂತಿತು. ಪೆನಾಲ್ಟಿ ಬಂತು. ಐದನೆಯ ಒದೆತ ನನ್ನದು. ಚೆಂಡು ಕಂಬದ ಮೇಲಿಂದ ಹಾರಿ, ಆಚೆ ಕಡೆ ಹರಡಿದ್ದ ಕಡಲೆಕಾಯಿ ಹೊಲಕ್ಕೆ ಬಿತ್ತು. ಅದನ್ನು ಹುಡುಕಿ ತಂದವನೂ ನಾನೇ. ಅಷ್ಟು ಹೊತ್ತಿಗೆ ಎದುರು ತಂಡದವರು ಟ್ರೋಫಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ವಾಲಿಬಾಲ್‌ನಲ್ಲಿ ಗೆದ್ದವರನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ನಮ್ಮ ಹನ್ನೊಂದು ಜನ ಸಾಲಿನಲ್ಲಿ ನಿಂತು ನಾವೂ ಚಪ್ಪಾಳೆ ಹೊಡೆದೆವು. ಆ ವಾರದಿಂದಲೇ ಶನಿವಾರದ ಕೊನೆಯ ಪೀರಿಯಡ್, ಅಂದರೆ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ನಾವು ಆಡುತ್ತಿದ್ದ ಆ ಒಂದು ಗಂಟೆ, ಕಿರುಪರೀಕ್ಷೆಯ ಗಂಟೆಯಾಯಿತು. ‘ಹೇಗೂ ಸೋತಾಯ್ತಲ್ಲ, ಇನ್ನಾದರೂ ಓದಿ’ ಎಂದರು. ನಿಜ ಹೇಳುತ್ತೇನೆ, ಅವತ್ತು ನನಗೂ ಅದೇ ಸರಿ ಅನ್ನಿಸಿತು. ಎರಡು ತಿಂಗಳು ನಾನು ಚೆಂಡು ಮುಟ್ಟಲಿಲ್ಲ.

ಈಗ ಹಾಗೆ ಅನ್ನಿಸುತ್ತಿಲ್ಲ. ಯಾಕೆ ಎಂದು ಹೇಳಲು ಒಬ್ಬ ಮುದುಕರ ಕಥೆ ಹೇಳಬೇಕು.

ನಮ್ಮ ಅಬ್ಬಾ ಅವರದು ಹೈವೇ ಪಕ್ಕದಲ್ಲಿ ಪಂಕ್ಚರ್ ಅಂಗಡಿ. 2024ರ ಜನವರಿ 23ರ ಸಂಜೆ ನಾನು ಅಲ್ಲೇ ಟೈರುಗಳ ಮೇಲೆ ಕೂತು ಫೋನಿನಲ್ಲಿ ಏಷ್ಯಾ ಕಪ್ ಪಂದ್ಯ ನೋಡುತ್ತಿದ್ದೆ. ಭಾರತಕ್ಕೂ ಸಿರಿಯಾಕ್ಕೂ ಪಂದ್ಯ, ಕತಾರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲಿ. ಅದಕ್ಕೂ ಮೊದಲು ಭಾರತ ಆಸ್ಟ್ರೇಲಿಯಾದ ಎದುರು 2-0, ಉಜ್ಬೇಕಿಸ್ತಾನದ ಎದುರು 3-0 ಸೋತಿತ್ತು. ನಮಗೆ ಉಳಿದಿದ್ದ ಆಸೆ ಅದೊಂದೇ ಪಂದ್ಯ. 76ನೇ ನಿಮಿಷದಲ್ಲಿ ಒಮರ್ ಖ್ರಿಬಿನ್ ಗೋಲು ಹೊಡೆದರು. ಸಿರಿಯಾ 1-0 ಗೆದ್ದಿತು. ಭಾರತ ಒಂದೂ ಗೋಲಿಲ್ಲದೆ ಮನೆಗೆ ಹೊರಟಿತು.

ಕ್ಯಾಮೆರಾ ಆಗಾಗ ಸಿರಿಯಾದ ಕೋಚ್ ಕಡೆ ತಿರುಗುತ್ತಿತ್ತು. ಕೂದಲು ನರೆತ, ಗಂಭೀರ ಮುಖದ ಹಿರಿಯರು. ಅಬ್ಬಾ ಟ್ಯೂಬಿಗೆ ಪ್ಯಾಚ್ ಹಾಕುತ್ತಲೇ ಇಣುಕಿ ನೋಡಿ, “ಯಾರೋ ಅದು, ನಿನ್ನ ನಾನಾ ಥರ ನಿಂತಿರೋರು?” ಎಂದು ಕೇಳಿದರು. (ನಮ್ಮ ಮನೆಮಾತು ದಖನಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) “ಅರ್ಜೆಂಟೀನಾದವರಂತೆ ಅಬ್ಬಾ, ಹೆಕ್ಟರ್ ಕೂಪರ್” ಎಂದೆ. “ಅರ್ಜೆಂಟೀನಾದವರಿಗೆ ಸಿರಿಯಾದಲ್ಲಿ ಏನು ಕೆಲಸ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಹುಡುಕಿ ಓದಿದೆ, ಆಮೇಲೆ ಮರೆತೂಬಿಟ್ಟೆ. ನನ್ನ ಪೆನಾಲ್ಟಿ ಹೊಲಕ್ಕೆ ಹೋದ ಮೇಲೆ ಮತ್ತೆ ನೆನಪಾಯಿತು.

ಹೆಕ್ಟರ್ ಕೂಪರ್ ಹುಟ್ಟಿದ್ದು 1955ರಲ್ಲಿ, ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದ ಚಬಾಸ್ ಎಂಬ ಸಣ್ಣ ಊರಿನಲ್ಲಿ. ರಕ್ಷಣಾ ಆಟಗಾರನಾಗಿ ಫೆರೋ ಕಾರಿಲ್ ಓಯೆಸ್ತೆ ಎಂಬ ಕ್ಲಬ್ಬಿಗೆ ಆಡಿ 1982 ಮತ್ತು 1984ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಆಮೇಲೆ ಕೋಚ್ ಆದರು. ಅಲ್ಲಿಂದ ಶುರುವಾಗುವುದೇ ಈ ಕಥೆ.

1994ರಲ್ಲಿ ಅವರ ಹುರಾಕಾನ್ ತಂಡ ಲೀಗ್ ಗೆಲ್ಲಲು ಕೊನೆಯ ಪಂದ್ಯವನ್ನು ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು. 4-0 ಸೋತಿತು. 1998ರಲ್ಲಿ ಸ್ಪೇನ್‌ನ ಮಯೋರ್ಕಾ ತಂಡವನ್ನು ರಾಜನ ಕಪ್ ಫೈನಲ್‌ಗೆ ಕರೆದೊಯ್ದರು. ಬಾರ್ಸಿಲೋನಾದ ಎದುರು ಪೆನಾಲ್ಟಿಯಲ್ಲಿ ಸೋಲು. 1999ರಲ್ಲಿ ಅದೇ ತಂಡವನ್ನು ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ಗೆ ತಲುಪಿಸಿದರು. ಇಟಲಿಯ ಲಾಜಿಯೋ ಎದುರು 2-1 ಸೋಲು. ಗೆಲುವಿನ ಗೋಲು ಬಂದದ್ದು 81ನೇ ನಿಮಿಷದಲ್ಲಿ. 2000ದಲ್ಲಿ ವೆಲೆನ್ಸಿಯಾ ತಂಡದೊಂದಿಗೆ ಚಾಂಪಿಯನ್ಸ್ ಲೀಗ್ ಫೈನಲ್. ರಿಯಲ್ ಮ್ಯಾಡ್ರಿಡ್ ಎದುರು 3-0 ಸೋಲು. 2001ರಲ್ಲಿ ಮತ್ತೆ ಅದೇ ಫೈನಲ್, ಈ ಸಲ ಮಿಲಾನ್‌ನಲ್ಲಿ ಬಾಯರ್ನ್ ಮ್ಯೂನಿಕ್ ಎದುರು. ಪಂದ್ಯ 1-1. ಪೆನಾಲ್ಟಿಯಲ್ಲಿ 5-4 ಸೋಲು.

ಅಲ್ಲಿಂದ ಇಟಲಿಯ ಇಂಟರ್ ಮಿಲಾನ್. 2002ರ ಮೇ 5ರಂದು, ಲೀಗ್‌ನ ಕೊನೆಯ ದಿನ, ಇಂಟರ್ ಮೊದಲ ಸ್ಥಾನದಲ್ಲಿತ್ತು. ರೋಮ್‌ನಲ್ಲಿ ಲಾಜಿಯೋ ಎದುರು ಎರಡು ಸಲ ಮುನ್ನಡೆ ಪಡೆದೂ 4-2 ಸೋತಿತು. ಯುವೆಂಟಸ್ ಚಾಂಪಿಯನ್, ರೋಮಾ ಎರಡನೆಯದು, ಇಂಟರ್ ಮೂರನೆಯದು. ಬ್ರೆಜಿಲ್‌ನ ರೊನಾಲ್ಡೊ ಬೆಂಚಿನ ಮೇಲೆ ಕೂತು ಅಳುತ್ತಿದ್ದ ದೃಶ್ಯ ಇವತ್ತಿಗೂ ಸಿಗುತ್ತದೆ.

ಇಷ್ಟನ್ನು ಓದಿದರೆ ಯಾರಿಗಾದರೂ ಅನ್ನಿಸುವುದು ಒಂದೇ: ದುರದೃಷ್ಟದ ಮನುಷ್ಯ. ಫುಟ್‌ಬಾಲ್ ಬರೆಯುವವರೂ ಬಹಳ ಜನ ಹಾಗೇ ಬರೆದಿದ್ದಾರೆ, ‘ಫೈನಲ್ ಸೋಲುವ ಕೋಚ್’ ಎಂದು. ಆದರೆ ಇದೇ ಲೆಕ್ಕವನ್ನು ಇನ್ನೊಂದು ತುದಿಯಿಂದ ಓದಿ ನೋಡಿ.

ಕೂಪರ್ ಬರುವ ಸ್ವಲ್ಪ ಮೊದಲಷ್ಟೇ ಮಯೋರ್ಕಾ ಎರಡನೇ ದರ್ಜೆಯಿಂದ ಮೇಲೆ ಬಂದ ತಂಡ. ಒಂದು ದ್ವೀಪದ ಸಣ್ಣ ಕ್ಲಬ್. ಅವರು ಇದ್ದ ಎರಡು ವರ್ಷದಲ್ಲಿ ಅದು ಲೀಗ್‌ನಲ್ಲಿ ಮೊದಲು ಐದನೇ, ಆಮೇಲೆ ಮೂರನೇ ಸ್ಥಾನ ಪಡೆಯಿತು. 1998ರಲ್ಲಿ ಬಾರ್ಸಿಲೋನಾವನ್ನೇ ಸೋಲಿಸಿ ಸ್ಪೇನ್‌ನ ಸೂಪರ್ ಕಪ್ ಗೆದ್ದಿತು. ಆ ಕ್ಲಬ್ ಗೆದ್ದ ಮೊದಲ ದೊಡ್ಡ ಕಪ್ ಅದು. ಅದಕ್ಕೂ ಹಿಂದೆ, 1996ರಲ್ಲಿ, ಅರ್ಜೆಂಟೀನಾದ ಲಾನೂಸ್ ಕ್ಲಬ್ಬಿಗೆ ಮೊದಲ ಅಂತಾರಾಷ್ಟ್ರೀಯ ಕಪ್ ತಂದುಕೊಟ್ಟವರೂ ಇವರೇ. ವೆಲೆನ್ಸಿಯಾ ಅದುವರೆಗೆ ಚಾಂಪಿಯನ್ಸ್ ಲೀಗ್ ಫೈನಲ್ ಕಂಡಿರಲಿಲ್ಲ. ಸತತ ಎರಡು ವರ್ಷ ಕಂಡಿತು. ಅವರು ಬಿಟ್ಟು ಹೋದ ಮರುವರ್ಷವೇ, ಬಹುಪಾಲು ಅದೇ ಆಟಗಾರರೊಂದಿಗೆ, ರಾಫಾ ಬೆನಿಟೆಜ್ ಎಂಬ ಕೋಚ್ ಕೈಕೆಳಗೆ ವೆಲೆನ್ಸಿಯಾ 31 ವರ್ಷಗಳ ನಂತರ ಸ್ಪೇನ್ ಚಾಂಪಿಯನ್ ಆಯಿತು. ಕಪ್ ಎತ್ತಿದವರು ಬೇರೆ. ಹೊಲ ಉತ್ತವರಲ್ಲಿ ಕೂಪರ್ ಕೂಡ ಒಬ್ಬರು.

ಇದೇ ನಾನು ಹೇಳಬೇಕೆಂದಿರುವ ಮಾತು. ಒಬ್ಬ ಕೋಚನ್ನು, ಒಬ್ಬ ಮೇಷ್ಟ್ರನ್ನು, ಒಂದು ತಂಡವನ್ನು, ಒಬ್ಬ ವಿದ್ಯಾರ್ಥಿಯನ್ನು ಅಳೆಯುವಾಗ ಕೊನೆಯಲ್ಲಿ ಎಲ್ಲಿ ನಿಂತರು ಎಂದಷ್ಟೇ ನೋಡಿದರೆ ಅರ್ಧ ಲೆಕ್ಕ. ಎಲ್ಲಿಂದ ಹೊರಟಿದ್ದರು ಎಂದೂ ನೋಡಬೇಕು.

ಇಂಟರ್ ಕೆಲಸ 2003ರ ಅಕ್ಟೋಬರ್‌ನಲ್ಲಿ ಹೋಯಿತು. ಆಮೇಲೆ ಅವರ ಪ್ರಯಾಣ ನೋಡಿದರೆ ನಮ್ಮ ಹೈವೇಯಲ್ಲಿ ನಿಲ್ಲುವ ಲಾರಿ ಡ್ರೈವರುಗಳು ನೆನಪಾಗುತ್ತಾರೆ. ಕೆಲಸ ಎಲ್ಲಿ ಸಿಕ್ಕಿತೋ ಅಲ್ಲಿಗೆ. ಮತ್ತೆ ಮಯೋರ್ಕಾ, ಬೆಟಿಸ್, ಇಟಲಿಯ ಪಾರ್ಮಾ, ಜಾರ್ಜಿಯಾ ದೇಶದ ತಂಡ, ಗ್ರೀಸ್‌ನ ಆರಿಸ್, ಸ್ಪೇನ್‌ನ ಸಾಂತಾಂದೆರ್, ಟರ್ಕಿಯ ಒರ್ದುಸ್ಪೋರ್, ದುಬೈನ ಅಲ್ ವಸ್ಲ್, ಈಜಿಪ್ಟ್, ಉಜ್ಬೇಕಿಸ್ತಾನ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ಕೊನೆಗೆ ಸಿರಿಯಾ. ಅರ್ಜೆಂಟೀನಾವನ್ನೂ ಸೇರಿಸಿ ಎಣಿಸಿದರೆ 11 ದೇಶಗಳು.

ಅವರನ್ನು ಹೊಗಳುವುದೇ ನನ್ನ ಉದ್ದೇಶವಲ್ಲ. 2008ರಲ್ಲಿ ಪಾರ್ಮಾ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಕೊನೆಯ ಪಂದ್ಯಕ್ಕೆ ಮುಂಚೆಯೇ ಇವರನ್ನು ತೆಗೆದುಹಾಕಿದ್ದರು. 2010ರಲ್ಲಿ ಆರಿಸ್ ತಂಡದೊಂದಿಗೆ ಗ್ರೀಕ್ ಕಪ್ ಫೈನಲ್ ಕೂಡ ಸೋತರು. ಅವರ ಆಟ ಅತಿಯಾಗಿ ರಕ್ಷಣೆಯ ಆಟ, ನೋಡಲು ಬೇಸರ ಎಂಬ ದೂರು ಎಲ್ಲ ಊರಿನಲ್ಲೂ ಇತ್ತು. ನನಗೂ ಅವರ ಕೆಲವು ಪಂದ್ಯಗಳನ್ನು ನೋಡಿದಾಗ ನಿದ್ದೆ ಬಂದಿದ್ದು ಸುಳ್ಳಲ್ಲ.

ಆದರೂ ಈಜಿಪ್ಟ್ ಕಥೆ ಕೇಳಿ. ನಮ್ಮ ಕ್ಲಾಸಿನಲ್ಲಿ ಮೊಹಮ್ಮದ್ ಸಲಾಹ್ ಹೆಸರು ಗೊತ್ತಿಲ್ಲದವರು ಕಡಿಮೆ. ನೋಟ್ ಪುಸ್ತಕದ ರಟ್ಟಿನ ಮೇಲೂ ಅವರ ಚಿತ್ರ ಇದೆ. 2015ರಲ್ಲಿ ಕೂಪರ್ ಈಜಿಪ್ಟ್‌ಗೆ ಬಂದಾಗ ಆ ದೇಶ ಆಫ್ರಿಕಾ ಕಪ್‌ಗೆ ಸತತ ಮೂರು ಸಲ, 2012, 2013, 2015ರಲ್ಲಿ, ಅರ್ಹತೆಯನ್ನೇ ಪಡೆದಿರಲಿಲ್ಲ. ಆಫ್ರಿಕಾ ಕಪ್ಪನ್ನು ಎಲ್ಲರಿಗಿಂತ ಹೆಚ್ಚು ಸಲ ಗೆದ್ದ ದೇಶ ಅದು! 2017ರಲ್ಲಿ ಕೂಪರ್ ಅವರನ್ನು ಫೈನಲ್‌ಗೆ ಕರೆದೊಯ್ದರು. ಅಲ್ಲಿ ಏನಾಯಿತು ಎಂದು ನೀವೇ ಊಹಿಸಬಲ್ಲಿರಿ. ಮೊದಲು ಗೋಲು ಹೊಡೆದದ್ದು ಈಜಿಪ್ಟ್. 88ನೇ ನಿಮಿಷದಲ್ಲಿ ಕ್ಯಾಮರೂನ್ ಎರಡನೇ ಗೋಲು ಹೊಡೆದು 2-1 ಗೆದ್ದಿತು.

ಅದೇ ವರ್ಷ ಅಕ್ಟೋಬರ್ 8ರಂದು ಅಲೆಕ್ಸಾಂಡ್ರಿಯಾ ಬಳಿಯ ಬುರ್ಜ್ ಅಲ್ ಅರಬ್‌ನಲ್ಲಿ ಕಾಂಗೋ ಎದುರು ವಿಶ್ವಕಪ್ ಅರ್ಹತಾ ಪಂದ್ಯ. ಸಲಾಹ್ ಒಂದು ಗೋಲು ಹೊಡೆದರು. 87ನೇ ನಿಮಿಷದಲ್ಲಿ ಕಾಂಗೋ ಸಮ ಮಾಡಿತು. 95ನೇ ನಿಮಿಷದಲ್ಲಿ ಈಜಿಪ್ಟ್‌ಗೆ ಪೆನಾಲ್ಟಿ ಸಿಕ್ಕಿತು. ಇಡೀ ದೇಶದ ಭಾರ ಹೊತ್ತು ಸಲಾಹ್ ಒದ್ದರು, ಗೋಲಾಯಿತು. 1990ರ ನಂತರ ಮೊದಲ ಸಲ ಈಜಿಪ್ಟ್ ವಿಶ್ವಕಪ್‌ಗೆ ಹೋಯಿತು. ಅಂದು ಆ ಚೆಂಡು ಮೇಲಿಂದ ಹಾರಿಹೋಗಿದ್ದರೆ, ಕೂಪರ್ ಮಾಡಿದ ಎರಡೂವರೆ ವರ್ಷದ ಕೆಲಸ ಕೆಲಸವೇ ಅಲ್ಲ ಎನ್ನಬೇಕಿತ್ತೇ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ.

2018ರ ವಿಶ್ವಕಪ್‌ನಲ್ಲಿ ಗಾಯದಿಂದ ಆಗತಾನೆ ಎದ್ದ ಸಲಾಹ್ ಜೊತೆ ಈಜಿಪ್ಟ್ ಮೂರೂ ಪಂದ್ಯ ಸೋತಿತು. ಕೂಪರ್ ಕೆಲಸ ಹೋಯಿತು. ಆದರೆ ಕೊನೆಯ ಪಂದ್ಯದಲ್ಲಿ ಅವರು ಒಂದು ಕೆಲಸ ಮಾಡಿದರು: 45 ವರ್ಷದ ಗೋಲ್‌ಕೀಪರ್ ಎಸ್ಸಾಮ್ ಅಲ್ ಹದರಿ ಅವರನ್ನು ಕಣಕ್ಕಿಳಿಸಿದರು. ವಿಶ್ವಕಪ್‌ನಲ್ಲಿ ಆಡಿದ ಅತಿ ಹಿರಿಯ ಆಟಗಾರ ಎಂಬ ದಾಖಲೆ ಆಯಿತು. ಅವರು ಆ ಪಂದ್ಯದಲ್ಲಿ ಸೌದಿ ಅರೇಬಿಯಾದ ಒಂದು ಪೆನಾಲ್ಟಿಯನ್ನೂ ತಡೆದರು.

ಇನ್ನು ಸಿರಿಯಾ. 2011ರಿಂದ ಯುದ್ಧದಲ್ಲಿ ಬೆಂದ ದೇಶ. ಸ್ವಂತ ನೆಲದಲ್ಲಿ ಅಂತಾರಾಷ್ಟ್ರೀಯ ಪಂದ್ಯ ಆಡಲಾಗದೆ ‘ತವರಿನ’ ಪಂದ್ಯಗಳನ್ನು ಬೇರೆ ದೇಶಗಳ ಮೈದಾನದಲ್ಲಿ ಆಡಿದ ತಂಡ. ಅದಕ್ಕೂ ಮೊದಲು ಆರು ಸಲ ಏಷ್ಯಾ ಕಪ್‌ಗೆ ಹೋಗಿ ಆರೂ ಸಲ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು. ಅಬ್ಬಾ ಅಂಗಡಿಯಲ್ಲಿ ನಾನು ನೋಡಿದ ಆ ಪಂದ್ಯ ಗೆದ್ದದ್ದರಿಂದ ಸಿರಿಯಾ ಚರಿತ್ರೆಯಲ್ಲಿ ಮೊದಲ ಸಲ ಮುಂದಿನ ಸುತ್ತಿಗೆ ಹೋಯಿತು. ನಮ್ಮ ಸೋಲು ಅವರಿಗೆ ಹಬ್ಬವಾಗಿತ್ತು. ಮುಂದಿನ ಸುತ್ತಿನಲ್ಲಿ ಇರಾನ್ ಎದುರು 1-1 ಆಡಿ, ಮತ್ತೆ ಪೆನಾಲ್ಟಿಯಲ್ಲಿ ಸೋತರು. “ಅರ್ಜೆಂಟೀನಾದವರಿಗೆ ಸಿರಿಯಾದಲ್ಲಿ ಏನು ಕೆಲಸ?” ಎಂಬ ಅಬ್ಬಾ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಆರು ಸಲ ತೆರೆಯದ ಬಾಗಿಲನ್ನು ಏಳನೇ ಸಲ ತೆರೆಯುವುದು ಅವರ ಕೆಲಸವಾಗಿತ್ತು.

ಪೆನಾಲ್ಟಿ ಒದ್ದವರ ಬಗ್ಗೆಯೂ ಒಂದು ಮಾತು, ಇದು ನನ್ನ ಸ್ವಾರ್ಥ. 2001ರ ಫೈನಲ್‌ನಲ್ಲಿ ವೆಲೆನ್ಸಿಯಾದ ಕೊನೆಯ ಪೆನಾಲ್ಟಿ ಒದ್ದವರು ಮೌರಿಸಿಯೋ ಪೆಲ್ಲೆಗ್ರಿನೋ. ಬಾಯರ್ನ್‌ನ ಒಲಿವರ್ ಕಾನ್ ಅದನ್ನು ತಡೆದರು, ಅಲ್ಲಿಗೆ ಮುಗಿಯಿತು. ಗೆದ್ದ ಕಾನ್ ಆಮೇಲೆ ಅಳುತ್ತಿದ್ದ ವೆಲೆನ್ಸಿಯಾ ಗೋಲ್‌ಕೀಪರ್ ಕನಿಜಾರೆಸ್ ಬಳಿಗೆ ಹೋಗಿ ಸಮಾಧಾನ ಮಾಡಿದರು. ಪೆಲ್ಲೆಗ್ರಿನೋ ಆಟ ಬಿಟ್ಟು ಓಡಲಿಲ್ಲ. ಮರುವರ್ಷ ಅದೇ ತಂಡದೊಂದಿಗೆ ಲೀಗ್ ಗೆದ್ದರು. ಮುಂದೆ ತಾವೂ ಕೋಚ್ ಆದರು, ಒಂದು ಕಾಲಕ್ಕೆ ಅದೇ ವೆಲೆನ್ಸಿಯಾದ ಕೋಚ್ ಕೂಡ ಆಗಿದ್ದರು. ಪೆನಾಲ್ಟಿ ತಪ್ಪಿದವನಿಗೆ ತಂಡ ಬಾಗಿಲು ಹಾಕಲಿಲ್ಲ.

‘ಇದೆಲ್ಲ ದೂರದ ಮಾತು’ ಎನ್ನುವವರು ಇದ್ದೀರಿ. ಹಾಗಾದರೆ ಬೆಂಗಳೂರಿಗೆ ಬನ್ನಿ, ಕಳ್ಳಂಬೆಳ್ಳದಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ಹತ್ತಿರ. ಕೂಪರ್ ಥರವೇ ಊರೂರು ಸುತ್ತಿದ ಒಬ್ಬ ಕೋಚ್ 2016ರಲ್ಲಿ ಅಲ್ಲಿಗೆ ಬಂದರು, ಸ್ಪೇನ್‌ನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ಜೊತೆ ಕೆಲಸ ಮಾಡಿ, ಟರ್ಕಿ, ಸೌದಿ ಅರೇಬಿಯಾ ನೋಡಿ, ಎಲ್ ಸಾಲ್ವಡಾರ್ ದೇಶದ ತಂಡ ನಡೆಸಿ, ಬೆಂಗಳೂರು ಎಫ್‌ಸಿ ಸೇರಿದರು. ಅದೇ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು 3-1 ಸೋಲಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನ್ನಿಸಿಕೊಂಡರು. ಆ ದಿನ ಎರಡು ಗೋಲು ಸುನಿಲ್ ಛೆಟ್ರಿ ಅವರದು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು ಫೈನಲ್. 1-0 ಸೋಲು.

2018ರ ಮಾರ್ಚ್ 17. ಬೆಂಗಳೂರು ಎಫ್‌ಸಿಗೆ ಐಎಸ್‌ಎಲ್‌ನಲ್ಲಿ ಅದು ಮೊದಲ ವರ್ಷ, ಅಂಕಪಟ್ಟಿಯಲ್ಲಿ ಮೊದಲ ಸ್ಥಾನ. ಫೈನಲ್ ಕಂಠೀರವದಲ್ಲೇ, ಸ್ವಂತ ಜನರ ಮುಂದೆ. ಚೆನ್ನೈಯಿನ್ ಎದುರು 3-2 ಸೋಲು. ಮುಂದಿನ ತಿಂಗಳೇ ತಂಡ ಸೂಪರ್ ಕಪ್ ಗೆದ್ದಿತು. ಆಮೇಲೆ ರೋಕಾ ಹೊರಟರು. ಕ್ಲಬ್ ಎಲ್ಲವನ್ನೂ ಕಿತ್ತು ಹೊಸದಾಗಿ ಶುರುಮಾಡಲಿಲ್ಲ. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರಿಗೇ ತಂಡ ಒಪ್ಪಿಸಿತು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಗೋವಾ ಎದುರು ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲಿನಿಂದ ಬೆಂಗಳೂರು ಚಾಂಪಿಯನ್ ಆಯಿತು. ಸೋತ ತಂಡವನ್ನು ಮನೆಗೆ ಕಳಿಸದೆ ಮತ್ತೆ ಮೈದಾನಕ್ಕೆ ಕಳಿಸಿದ್ದರ ಫಲ ಅದು.

ನಮ್ಮ ನಾಡಿಗೆ ಫುಟ್‌ಬಾಲ್ ಹೊಸದೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಮುಂಬೈಯ ರೋವರ್ಸ್ ಕಪ್ ಎಂದರೆ ಸೈನ್ಯದ ತಂಡಗಳ ಸ್ವತ್ತು. 1937ರಲ್ಲಿ ಅದನ್ನು ಗೆದ್ದು ತಂದದ್ದು ಬೆಂಗಳೂರ್ ಮುಸ್ಲಿಮ್ಸ್ ಕ್ಲಬ್. 1938ರಲ್ಲಿ ಮತ್ತೊಮ್ಮೆ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದರು, ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳ ಕಣ್ಮಣಿಯಾದರು. ಆ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ಎದುರು 2-1 ಸೋತಿತು, ಅದೂ ಎರಡು ಪೆನಾಲ್ಟಿ ತಪ್ಪಿ! ಆದರೂ ಆ ತಂಡವನ್ನು ಇವತ್ತು ಯಾರೂ ಸೋತ ತಂಡ ಎಂದು ನೆನೆಯುವುದಿಲ್ಲ. ಸಂತೋಷ್ ಟ್ರೋಫಿಯನ್ನು 1969ರ ಸುಮಾರಿಗೆ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ನಮ್ಮ ರಾಜ್ಯ, ಮತ್ತೆ ಗೆಲ್ಲಲು 54 ವರ್ಷ ಕಾಯಿತು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯದ ಎದುರು 3-2 ಗೆದ್ದಿತು. 54 ವರ್ಷ ಯಾರೂ ‘ಹೇಗೂ ಸೋತಾಯ್ತಲ್ಲ’ ಎಂದು ತಂಡ ಮುಚ್ಚಲಿಲ್ಲ. ನಾವು ಒಂದೇ ಸೋಲಿಗೆ ಗಂಟೆಯನ್ನೇ ಮುಚ್ಚಿದ್ದೇವೆ.

ಈಗ ಎದುರು ಮಾತಿಗೆ ಬರುತ್ತೇನೆ, ಯಾಕೆಂದರೆ ಅದು ಸುಳ್ಳು ಮಾತಲ್ಲ. ಪಿಯುಸಿ ಎಂದರೆ ಎರಡೇ ವರ್ಷ. ಸಿಇಟಿ, ನೀಟ್, ಸೀಟು, ಫೀಸು. ನಮ್ಮಲ್ಲಿ ಬಹಳ ಮಂದಿ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು. “ಆಟ ಅನ್ನ ಹಾಕುತ್ತಾ?” ಎಂದು ಅಬ್ಬಾ ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ, ಬೆಳಿಗ್ಗೆ ಆರಕ್ಕೆ ಅಂಗಡಿ ತೆಗೆದು ರಾತ್ರಿ ಹತ್ತಕ್ಕೆ ಮುಚ್ಚುವವರ ಮುಂದೆ ಜೋರಾಗಿ ಮಾತಾಡುವ ಹಕ್ಕು ನನಗಿಲ್ಲ. ಉಪನ್ಯಾಸಕರೂ ನಮ್ಮ ಒಳ್ಳೆಯದಕ್ಕೇ ಆ ಗಂಟೆ ತೆಗೆದುಕೊಂಡದ್ದು ಎಂದು ಗೊತ್ತು.

ಕೂಪರ್‌ಗೂ ಒಬ್ಬ ಗುರು ಇದ್ದರು. ಫೆರೋ ತಂಡದ ಕೋಚ್ ಕಾರ್ಲೋಸ್ ಗ್ರಿಗೋಲ್. ಓದು ಬಿಡಬೇಡಿ, ದುಡ್ಡು ಬಂದರೆ ಕಾರಿಗಿಂತ ಮೊದಲು ಮನೆ ಮಾಡಿಕೊಳ್ಳಿ ಎಂದು ಹುಡುಗರಿಗೆ ಬುದ್ಧಿ ಹೇಳುತ್ತಿದ್ದ ಮೇಷ್ಟ್ರು ಎಂದೇ ಅವರು ಅರ್ಜೆಂಟೀನಾದಲ್ಲಿ ಹೆಸರುವಾಸಿ. ಅವರ ಹುಡುಗರು ಎರಡು ಸಲ ಚಾಂಪಿಯನ್ ಆದರು. ಓದು ಮತ್ತು ಆಟ ಒಂದನ್ನೊಂದು ತಿನ್ನುತ್ತವೆ ಎಂದು ಅವರು ತಿಳಿದಿರಲಿಲ್ಲ.

ನನ್ನ ಅನುಭವ ಹೇಳುತ್ತೇನೆ. ಆಡುವುದನ್ನು ಬಿಟ್ಟ ಎರಡು ತಿಂಗಳಲ್ಲಿ ನನ್ನ ಅಂಕ ಏರಲಿಲ್ಲ. ಲೆಕ್ಕಶಾಸ್ತ್ರದ ಕಿರುಪರೀಕ್ಷೆಯಲ್ಲಿ ಇಳಿಯಿತು. ಶನಿವಾರದ ಆ ಗಂಟೆಯಲ್ಲಿ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ನಾನು ನೋಡುತ್ತಿದ್ದುದು ಕಿಟಕಿಯ ಆಚೆಗೆ. ನಮ್ಮ ಗೋಲ್‌ಕೀಪರ್ ಇದಕ್ಕಿಂತ ದೊಡ್ಡ ಉದಾಹರಣೆ. ಹೋದ ವರ್ಷ ವಾರಕ್ಕೆ ಎರಡು ದಿನ ಚಕ್ಕರ್ ಹೊಡೆಯುತ್ತಿದ್ದವನು, ತಂಡಕ್ಕೆ ಸೇರಿದ ಮೇಲೆ ದಿನವೂ ಬರುತ್ತಿದ್ದ. ಹಾಜರಾತಿ ಇಲ್ಲದಿದ್ದರೆ ತಂಡದಲ್ಲಿ ಜಾಗ ಇಲ್ಲ ಎಂದು ಪಿ.ಟಿ. ಸರ್ ಹೇಳಿದ್ದರು. ಗಂಟೆ ಹೋದ ಮೇಲೆ ಅವನು ಶನಿವಾರ ಮತ್ತೆ ಕಾಣುತ್ತಿಲ್ಲ. ಕಿರುಪರೀಕ್ಷೆಯಿಂದ ಆಗಬೇಕಿದ್ದ ಲಾಭ ಇದೇನಾ?

ಇನ್ನೊಂದು ವಿಷಯ. ಸರ್ಕಾರವೇ 2024ರಲ್ಲಿ ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆ ಇಟ್ಟಿತು. ಮೊದಲನೆಯದರಲ್ಲಿ ಎಡವಿದವರಿಗೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಒಂದು ದಿನದ ಸೋಲು ಒಬ್ಬ ಹುಡುಗನ, ಒಬ್ಬ ಹುಡುಗಿಯ ಲೆಕ್ಕವನ್ನು ಮುಗಿಸಬಾರದು ಎಂದು ಪರೀಕ್ಷೆಯ ವಿಷಯದಲ್ಲಿ ಎಲ್ಲರೂ ಒಪ್ಪಿದ್ದೇವೆ. ಮೈದಾನದ ವಿಷಯದಲ್ಲಿ ಯಾಕೆ ಒಪ್ಪುವುದಿಲ್ಲ?

ಫಲಿತಾಂಶ ಬಂದಾಗ ನಮ್ಮ ಗೇಟಿನ ಮೇಲೆ ಫ್ಲೆಕ್ಸ್ ಹಾಕುತ್ತಾರೆ. 95 ಪಡೆದವರ ಫೋಟೋ ಇರಬೇಕು, ಅವರು ಕಷ್ಟಪಟ್ಟಿದ್ದಾರೆ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಮಧ್ಯವಾರ್ಷಿಕದಲ್ಲಿ 35 ಮುಟ್ಟದೆ ಕೂತಿದ್ದವರು ವಾರ್ಷಿಕದಲ್ಲಿ 62 ಪಡೆದರೆ, ಅವರನ್ನು ಅಲ್ಲಿಗೆ ಮುಟ್ಟಿಸಿದ ಉಪನ್ಯಾಸಕರಿದ್ದರೆ, ಆ ಕಥೆ ಯಾವ ಫ್ಲೆಕ್ಸಿನಲ್ಲೂ ಬರುವುದಿಲ್ಲ. ನಮ್ಮ ಕಾಲೇಜಿನಲ್ಲಿ ನನ್ನ ಪ್ರಕಾರ ಅತಿ ದೊಡ್ಡ ಗೆಲುವುಗಳು ಅವೇ. ಕೂಪರ್ ಮಯೋರ್ಕಾದಲ್ಲಿ ಮಾಡಿದ್ದು ಅದನ್ನೇ.

ಹಾಗಾಗಿ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ನನ್ನ ಮೂರು ವಿನಂತಿ.

ಒಂದು, ಶನಿವಾರದ ಕೊನೆಯ ಗಂಟೆಯನ್ನು ನಮಗೆ ವಾಪಸ್ ಕೊಡಿ. ದ್ವಿತೀಯ ವರ್ಷದವರಿಗೆ ಪರೀಕ್ಷೆ ಹತ್ತಿರ ಎನ್ನುವುದಾದರೆ ಪ್ರಥಮ ವರ್ಷದವರಿಗಾದರೂ ಕೊಡಿ. ನಾವು ಆಡದಿದ್ದರೂ ಪರವಾಗಿಲ್ಲ, ತಂಡ ಉಳಿಯಲಿ. ಹುಡುಗಿಯರ ಥ್ರೋಬಾಲ್ ತಂಡಕ್ಕೂ ಆ ಗಂಟೆಯಲ್ಲಿ ಪಾಲಿರಲಿ. ಅವರಿಗೆ ಗಂಟೆ ಹೋದದ್ದನ್ನು ಯಾರೂ ಕೇಳಿಯೇ ಇಲ್ಲ.

ಎರಡು, ಫೈನಲ್ ಸೋತು ಬಂದವರನ್ನೂ ಒಂದು ಸಲ ಪ್ರಾರ್ಥನೆಯ ಹೊತ್ತಿಗೆ ಮುಂದೆ ಕರೆಯಿರಿ. ಫೈನಲ್ ಸೋಲಬೇಕಾದರೆ ಮೊದಲು ಫೈನಲ್ ತಲುಪಬೇಕು. ಅದರಲ್ಲೂ ನಮ್ಮ ಪಿ.ಟಿ. ಸರ್ ಅವರಿಗೆ ಒಂದು ಚಪ್ಪಾಳೆ ಬಾಕಿ ಇದೆ. ಎರಡು ವರ್ಷದ ಹಿಂದೆ ಹನ್ನೊಂದು ಜನ ಸೇರುವುದೇ ಕಷ್ಟವಾಗಿದ್ದ ಕಾಲೇಜು ಇದು.

ಮೂರು, ಫಲಿತಾಂಶದ ಫ್ಲೆಕ್ಸಿನಲ್ಲಿ ಒಂದು ಮೂಲೆ, ಬಹಳ ದೂರದಿಂದ ನಡೆದು ಬಂದವರಿಗಾಗಿ ಇರಲಿ.

ಗೆಳೆಯರಿಗೆ ಒಂದೇ ಮಾತು. ಹೋದ ಭಾನುವಾರ ಬೆಳಿಗ್ಗೆ ನಾನು ಕೆರೆ ಏರಿ ಕೆಳಗಿನ ಬಯಲಿಗೆ ಒಬ್ಬನೇ ಹೋದೆ. ಎರಡು ಕಲ್ಲಿಟ್ಟು ಗೋಲ್ ಮಾಡಿಕೊಂಡು ಹತ್ತು ಪೆನಾಲ್ಟಿ ಒದ್ದೆ. ಏಳು ಒಳಗೆ ಹೋದವು, ಮೂರು ತಪ್ಪಿದವು. ಅಷ್ಟರಲ್ಲಿ ಹಿಂದಿನಿಂದ ಯಾರೋ “ಕಾಲು ಅಷ್ಟು ಹಿಂದಕ್ಕೆ ಬಾಗಿಸಬೇಡ್ವೋ, ಚೆಂಡು ಮೇಲೆ ಹೋಗುತ್ತೆ” ಅಂದರು. ತಿರುಗಿ ನೋಡಿದರೆ ನಮ್ಮ ಗೋಲ್‌ಕೀಪರ್, ಗ್ಲೌಸ್ ಹಾಕಿಕೊಂಡು ನಿಂತಿದ್ದ.

ಮುಂದಿನ ಭಾನುವಾರ ನಾವಿಬ್ಬರೂ ಬರುತ್ತೇವೆ. ನೀವೂ ಬನ್ನಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿ